ಕೈಗೆ ಸಿಕ್ಕಿದ್ದರಲ್ಲೇ ಅಡುಗೆ: ಉಪ್ಪು, ಎಣ್ಣೆ ಇಳಿಸಿದ ಮೇಲೆ ರುಚಿಯನ್ನು ಎಲ್ಲಿಂದ ತರುವುದು?

ಪ್ರಶ್ನೆ: ಒಂಟಿ ಒಲೆ

ಎಲ್ಲರಿಗೂ ನಮಸ್ಕಾರ. ರಕ್ತದೊತ್ತಡ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ, ಮೂರು ತಿಂಗಳಿಂದ ಹೊರಗಿನ ಊಟ ಬಿಟ್ಟು ಮನೆಯಲ್ಲಿಯೇ ಬೇಯಿಸಿಕೊಳ್ಳುತ್ತಿದ್ದೇನೆ. ಪಾಕವಿಧಾನ ಓದಿ, ಅದಕ್ಕೆ ತಕ್ಕ ಸಾಮಾನು ಹೊಂದಿಸಿಕೊಂಡು ಅಡುಗೆ ಮಾಡುವಷ್ಟು ವ್ಯವಧಾನ ನನಗಿಲ್ಲ. ಸಂಜೆ ಫ್ರಿಜ್ಜಿನ ಬಾಗಿಲು ತೆರೆದಾಗ ಏನು ಕಣ್ಣಿಗೆ ಬೀಳುತ್ತದೆಯೋ ಅದೇ ಅಂದಿನ ಅಡುಗೆ. ತರಕಾರಿ, ಸೊಪ್ಪು, ಕಾಳುಗಳೇ ಹೆಚ್ಚಾಗಿರುವುದರಿಂದ ಆರೋಗ್ಯದ ದೃಷ್ಟಿಯಿಂದ ತಪ್ಪೇನೂ ಆಗುತ್ತಿಲ್ಲವೆಂದು ಭಾವಿಸಿದ್ದೇನೆ, ಆದರೆ ತಿನ್ನುವಾಗ ಮಾತ್ರ ಔಷಧಿ ನುಂಗಿದ ಹಾಗಾಗುತ್ತದೆ.

ಮೊನ್ನೆ ನಡೆದದ್ದನ್ನೇ ಹೇಳುತ್ತೇನೆ. ಅರ್ಧ ಹೂಕೋಸು, ಎರಡು ಕ್ಯಾರೆಟ್, ಬಾಡತೊಡಗಿದ್ದ ಒಂದು ಕಟ್ಟು ಪಾಲಕ್, ಬೆಳಿಗ್ಗೆಯೇ ನೆನೆಹಾಕಿದ್ದ ಕೆಂಪು ರಾಜ್ಮಾ ಕಾಳು ಮತ್ತು ನಾಲ್ಕು ಟೊಮೇಟೊಗಳನ್ನು ಒಂದೇ ಪಾತ್ರೆಯಲ್ಲಿ ಹಾಕಿ ನೀರು ಹೊಯ್ದು ಕುದಿಯಲು ಇಟ್ಟೆ. ಒಂದು ಗಂಟೆಯ ನಂತರ ಮುಚ್ಚಳ ತೆಗೆದರೆ ಕ್ಯಾರೆಟ್ ಮುದ್ದೆಯಾಗಿತ್ತು, ಪಾಲಕ್ ಎಲ್ಲಿದೆಯೆಂದು ಹುಡುಕಬೇಕಾಗಿತ್ತು, ಕಾಳು ಮಾತ್ರ ಕಲ್ಲಿನ ಹಾಗೆಯೇ ಇತ್ತು. ಸಪ್ಪೆಯೆನಿಸಿದ್ದರಿಂದ ಮತ್ತೆ ಮತ್ತೆ ಉಪ್ಪು ಬೆರೆಸುತ್ತ ಹೋಗಿ, ಕೊನೆಗೆ ಯಾವ ಕಾರಣಕ್ಕೆ ಮನೆಯಡುಗೆ ಶುರುಮಾಡಿದೆನೋ ಅದನ್ನೇ ಮರೆತಂತಾಯಿತು.

ಕಾಳು ಏಕೆ ಬೇಯಲಿಲ್ಲ? ಉಪ್ಪು ಹೆಚ್ಚಿಸದೆ ರುಚಿ ಬರಿಸುವುದು ಹೇಗೆ? ಎಣ್ಣೆಯನ್ನು ನಾನು ಸಂಪೂರ್ಣವಾಗಿ ಬಿಟ್ಟಿದ್ದೇನೆ, ಅದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಸಣ್ಣ ಉರಿ

ನಿಮ್ಮ ಕಾಳನ್ನು ಕಲ್ಲಾಗಿಸಿದ್ದು ಟೊಮೇಟೊ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ, ಹುಳಿಯಿರುವ ನೀರಿನಲ್ಲಿ ಅದು ಬೇಗನೆ ಕರಗುವುದಿಲ್ಲ. ಆದ್ದರಿಂದ ಟೊಮೇಟೊ, ನಿಂಬೆರಸ, ಮೊಸರು ಇವೆಲ್ಲವೂ ಕಾಳು ಬೆರಳಿಗೆ ಹಿಸುಕಿ ಬರುವಷ್ಟು ಬೆಂದ ಮೇಲೆಯೇ ಪಾತ್ರೆಗೆ ಬೀಳಬೇಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂದು ಹಲವರು ಹೇಳುವುದುಂಟು. ನನ್ನ ಅನುಭವದಲ್ಲಿ ಆ ಆರೋಪ ಉಪ್ಪಿನ ಮೇಲೆ ಸುಮ್ಮನೆ ಬಂದದ್ದು, ತಪ್ಪೆಲ್ಲ ಹುಳಿಯದ್ದು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕಾಳು ಬೇಗ ಬೇಯುವುದು ನಿಜವಾದರೂ, ಅದು ವಿಟಮಿನ್ ಬಿ1 ಅನ್ನು ಹಾಳುಮಾಡುತ್ತದೆ ಮತ್ತು ಉಪ್ಪಿನಲ್ಲಿರುವ, ರಕ್ತದೊತ್ತಡ ಏರಿಸುವ ಸೋಡಿಯಂ ಅನ್ನು ಹೆಚ್ಚಿಸುತ್ತದೆ. ನಿಮಗಂತೂ ಅದು ಬೇಡ.

ರಾಜ್ಮಾ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ಕಣ್ಣಳತೆಯ ಅಡುಗೆಯಲ್ಲಿ ಇದೊಂದನ್ನು ಕಣ್ಣಳತೆಗೆ ಬಿಡುವ ಹಾಗಿಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಹೇರಳವಾಗಿದ್ದು, ಅರೆಬೆಂದ ಕೆಲವೇ ಕಾಳುಗಳನ್ನು ತಿಂದರೂ ಕೆಲವು ಗಂಟೆಗಳಲ್ಲಿ ತೀವ್ರ ವಾಂತಿಯಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷವಾದರೂ, 30 ನಿಮಿಷವಾದರೆ ಇನ್ನೂ ಒಳ್ಳೆಯದು, ಗುಳುಗುಳು ಕುದಿಸಿ. ಕುದಿಯೇ ಬಾರದ ಸಣ್ಣ ಬಿಸಿಯಲ್ಲಿ ಇಡೀ ದಿನ ಇಟ್ಟರೂ ಅದು ಸುರಕ್ಷಿತವಲ್ಲ. ಪ್ರೆಶರ್ ಕುಕ್ಕರ್ ಇದ್ದರೆ ಈ ಚಿಂತೆಯೇ ಇಲ್ಲ. ಹೆಸರಿನಲ್ಲಿ "ಉರಿ" ಇಟ್ಟುಕೊಂಡವನು ದೊಡ್ಡ ಉರಿಯನ್ನು ಶಿಫಾರಸು ಮಾಡುವ ಸಂದರ್ಭ ಇದೊಂದೇ.

ಉತ್ತರ: ಹಳೆಯ ಬಾಣಲೆ

ಒಂಟಿ ಒಲೆ ಅವರೇ, ನಿಮ್ಮ ಅಡುಗೆಯಲ್ಲಿ ಕೊರತೆಯಿರುವುದು ಉಪ್ಪಿನದ್ದಲ್ಲ, ಸರದಿಯದ್ದು. ನೀರು ಇರುವವರೆಗೆ ಪಾತ್ರೆಯ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ತರಕಾರಿ ಕೆಂಪಗಾಗಿ ಹುರಿದ ಪರಿಮಳ ಬರಬೇಕಾದರೆ 140 ಡಿಗ್ರಿಯ ಆಸುಪಾಸು ತಲುಪಬೇಕು. ಎಲ್ಲವನ್ನೂ ನೀರಿನಲ್ಲಿ ಮುಳುಗಿಸಿದ ಕ್ಷಣದಲ್ಲಿಯೇ ಆ ಪರಿಮಳಕ್ಕೆ ನೀವು ಬಾಗಿಲು ಹಾಕಿದಿರಿ.

ಮುಂದಿನ ಸಲ ಅದೇ ಹೂಕೋಸನ್ನು ತೊಳೆದು, ಬಟ್ಟೆಯಿಂದ ಒರೆಸಿ, ಅಗಲವಾದ ಬಾಣಲೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಬಾಣಲೆ ತುಂಬಿದರೆ ತರಕಾರಿ ಬಿಟ್ಟ ನೀರಿನಲ್ಲಿ ತಾನೇ ಬೇಯುತ್ತದೆ, ಹುರಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಎರಡು ಬಾರಿ ಹುರಿಯುವುದು ಲೇಸು. ಈರುಳ್ಳಿ ಹಾಕುವುದಾದರೆ ಕಣ್ಣಿಗಿಂತ ಕಿವಿಯನ್ನು ನಂಬಿ. ಮೊದಲು ಜೋರಾಗಿ ಚುರ್ ಎನ್ನುವುದು ನೀರು ಆವಿಯಾಗುವ ಸದ್ದು. ಕೆಲವು ನಿಮಿಷಗಳಲ್ಲಿ ಅದು ತಗ್ಗಿ ಸಣ್ಣಗೆ ಚಿಟಪಟವೆನ್ನತೊಡಗಿದಾಗ ಹೋಳುಗಳು ಕುಗ್ಗಿ, ಅಂಚು ಕೆಂಪಗಾಗಿ, ತಳದಲ್ಲಿ ಕಂದು ಬಣ್ಣದ ತೆಳುಪದರ ಕಟ್ಟಿರುತ್ತದೆ. ಆಗ ಎರಡು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದರೆ ಆ ಪದರವೆಲ್ಲ ಕರಗಿ ಅಡುಗೆಗೆ ಸೇರುತ್ತದೆ. ರುಚಿ ಎಲ್ಲಿಂದ ಬರುತ್ತದೆಂದು ಕೇಳಿದಿರಲ್ಲ, ಮುಕ್ಕಾಲು ಪಾಲು ಅಲ್ಲಿಂದಲೇ.

ಉಪ್ಪು ಸಾಲದೆನಿಸಿದಾಗ ಉಪ್ಪಿನ ಡಬ್ಬಿಗೆ ಕೈಹಾಕುವ ಮೊದಲು ನಿಂಬೆ ಹಿಂಡಿ ನೋಡಿ. ಹುಳಿ ನಾಲಿಗೆಯನ್ನು ಎಚ್ಚರಗೊಳಿಸಿ, ಇರುವಷ್ಟು ಉಪ್ಪನ್ನೇ ಎದ್ದು ಕಾಣಿಸುತ್ತದೆ. ಒಲೆ ಆರಿಸಿದ ಮೇಲೆ ಹಿಂಡಿದರೆ ಬಿಸಿಗೆ ನಾಶವಾಗುವ ವಿಟಮಿನ್ ಸಿ ಕೂಡ ಉಳಿಯುತ್ತದೆ, ಅದರ ನೆರವಿನಿಂದ ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ರುಚಿ ಹೆಚ್ಚಿಸುವ ಅಂಶ ಸಹಜವಾಗಿಯೇ ಇರುವ ಅಣಬೆ, ಹಣ್ಣಾದ ಟೊಮೇಟೊಗಳೂ ಉಪ್ಪಿನ ಕೆಲಸವನ್ನು ಸ್ವಲ್ಪ ಹಂಚಿಕೊಳ್ಳುತ್ತವೆ. ಪಾಲಕ್ ಕೊನೆಯ ಎರಡು ನಿಮಿಷಕ್ಕೆ ಸಾಕು.

ಉತ್ತರ: ಅಳತೆ ಚಮಚ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎಣ್ಣೆಯ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಲಿಲ್ಲ. ಪೂರ್ತಿ ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಕ್ಯಾರೆಟ್ಟಿನಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಆಗಲಿ, ಪಾಲಕ್ಕಿನ ವಿಟಮಿನ್ ಕೆ ಆಗಲಿ ದೇಹಕ್ಕೆ ಚೆನ್ನಾಗಿ ದಕ್ಕಬೇಕಾದರೆ ಊಟದಲ್ಲಿ ತುಸುವಾದರೂ ಕೊಬ್ಬಿನಂಶ ಇರಬೇಕು. ತೊಂದರೆಯಿರುವುದು ಬಾಟಲಿಯಿಂದ ನೇರವಾಗಿ ಸುರಿಯುವ ಅಭ್ಯಾಸದಲ್ಲಿ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 14 ಗ್ರಾಂ, ಸುಮಾರು 120 ಕ್ಯಾಲೊರಿ. ಎರಡು ಸುತ್ತು ಸುರಿದರೆ ಎಷ್ಟಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಒಬ್ಬರ ಅಡುಗೆಗೆ ಎರಡು ಸಣ್ಣ ಚಮಚ ಸಾಕು. ಅದೂ ಬೇಡವೆಂದರೆ ಹುರಿದ ಶೇಂಗಾ ಅಥವಾ ಎಳ್ಳನ್ನು ಕುಟ್ಟಿ ಮೇಲೆ ಉದುರಿಸಿ.

ಉಪ್ಪಿಗೂ ಇದೇ ಕ್ರಮ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚಕ್ಕಿಂತ ತುಸು ಕಡಿಮೆ. ಅದರಲ್ಲಿ ಬ್ರೆಡ್, ಸಾಸ್, ಚೀಸ್ ಮುಂತಾದವುಗಳ ಮೂಲಕ ಒಳಹೋಗುವ ಉಪ್ಪೂ ಸೇರಿದೆಯಾದ್ದರಿಂದ, ನಾನು ಬೆಳಿಗ್ಗೆಯೇ ಅರ್ಧ ಚಮಚ ಉಪ್ಪನ್ನು ಪುಟ್ಟ ಬಟ್ಟಲಿಗೆ ತೆಗೆದಿಟ್ಟು ಇಡೀ ದಿನ ಅದರಿಂದಲೇ ಬಳಸುತ್ತೇನೆ. ಯಾರಾದರೂ ಪೊಟ್ಯಾಸಿಯಂ ಬೆರೆಸಿದ "ಕಡಿಮೆ ಸೋಡಿಯಂ" ಉಪ್ಪನ್ನು ಸೂಚಿಸಿದರೆ ತರುವ ಮುನ್ನ ವೈದ್ಯರನ್ನು ಕೇಳಿ; ಮೂತ್ರಪಿಂಡದ ತೊಂದರೆ ಇರುವವರಿಗೂ, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಿಗೂ ಅದು ಅಪಾಯ ತರಬಹುದು.

ಉತ್ತರ: ಸಣ್ಣ ಉರಿ

ಒಬ್ಬರೇ ಇರುವುದರಿಂದ ಉಳಿಕೆಯ ಬಗ್ಗೆಯೂ ಎರಡು ಮಾತು. ಕಾಳನ್ನು ವಾರಕ್ಕೊಮ್ಮೆ ಹೆಚ್ಚಾಗಿ ಬೇಯಿಸಿ, ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಸಂಜೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅನ್ನ ಉಳಿದರೆ ಮಾತ್ರ ರಾತ್ರಿಯಿಡೀ ಹೊರಗಿಡಬೇಡಿ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯಲ್ಲಿಯೂ ಸಾಯದೆ ಉಳಿದು, ಅನ್ನ ಬೆಚ್ಚಗಿರುವಾಗ ಬೆಳೆದು, ಮತ್ತೆ ಬಿಸಿಮಾಡಿದರೂ ಹೋಗದಂತಹ ವಿಷವನ್ನು ಬಿಡುತ್ತವೆ. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿ.

ಮರು ಪ್ರತಿಕ್ರಿಯೆ: ಒಂಟಿ ಒಲೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾಜ್ಮಾವನ್ನು ಬೇರೆಯಾಗಿ ಬೇಯಿಸಿಟ್ಟು, ಉಳಿದಿದ್ದ ಹೂಕೋಸನ್ನು ಎರಡು ಸಣ್ಣ ಚಮಚ ಎಣ್ಣೆಯಲ್ಲಿ ಹುರಿದು, ಕೊನೆಯಲ್ಲಿ ಟೊಮೇಟೊ, ಪಾಲಕ್ ಸೇರಿಸಿ, ಒಲೆ ಆರಿಸಿದ ಮೇಲೆ ಅರ್ಧ ನಿಂಬೆ ಹಿಂಡಿದೆ. ಉಪ್ಪಿನ ಬಟ್ಟಲಿನಲ್ಲಿ ರಾತ್ರಿಯೂ ಎರಡು ಚಿಟಿಕೆ ಉಳಿದಿತ್ತು. ಹೂಕೋಸಿನ ಜೊತೆಗೇ ಬೆಳ್ಳುಳ್ಳಿಯನ್ನೂ ಹಾಕಿಬಿಟ್ಟಿದ್ದರಿಂದ ಅದು ಸೀದು ಕಹಿಯಾಗಿ, ಒಂದೊಂದೇ ಚೂರನ್ನು ಹೆಕ್ಕಿ ತೆಗೆಯಬೇಕಾಯಿತು. ಅದನ್ನು ಯಾವಾಗ ಹಾಕಬೇಕು?

ಉತ್ತರ: ಹಳೆಯ ಬಾಣಲೆ

ಹೂಕೋಸು ಕೆಂಪಗಾದ ಮೇಲೆ, ಟೊಮೇಟೊ ಹಾಕುವುದಕ್ಕೆ ಅರ್ಧ ನಿಮಿಷ ಮೊದಲು. ಜಜ್ಜಿ ಹತ್ತು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಹಾಕಿದರೆ ಘಾಟು ಇನ್ನೂ ಚೆನ್ನಾಗಿ ಬಿಡುತ್ತದೆ.