ಅಡಿಕೆ ಕೃಷಿಕರ ಷೆಂಗೆನ್ ವೀಸಾ: ಆದಾಯದ ದಾಖಲೆ ಯಾವುದು?

ಪ್ರಶ್ನೆ, ಕಾರ್ಕಳದಿಂದ:
ಅಡಿಕೆ ಕೃಷಿಕರಾದ ನನ್ನ ತಂದೆ-ತಾಯಿಯನ್ನು ಮೇ ತಿಂಗಳಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಕಳುಹಿಸಬೇಕೆಂದಿದ್ದೇನೆ. ಸಂಬಳದ ಚೀಟಿಯಿಲ್ಲದ ಅವರು ಆದಾಯವನ್ನು ಹೇಗೆ ತೋರಿಸಬೇಕು, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕಾಗಿ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಮಂಗಳೂರಿನಿಂದ:
ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಿ. ದಿನಗಳು ಸಮವಾದರೆ ಮೊದಲು ಪ್ರವೇಶಿಸುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದಲೇ ಅವಕಾಶವಿದೆ.

ಉತ್ತರ, ಉಡುಪಿಯಿಂದ:
ಆರ್‌ಟಿಸಿ (ಜಮೀನಿನ ಪಹಣಿ), ಅಡಿಕೆ ಮಾರಿದ ಬಿಲ್ಲುಗಳು ಹಾಗೂ ಆ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ, ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿ. ಅರ್ಜಿಯ ಹಿಂದಿನ ವಾರ ದೊಡ್ಡ ಮೊತ್ತ ಒಮ್ಮೆಲೇ ಖಾತೆಗೆ ಬಿದ್ದರೆ ಸಂಶಯ ಹುಟ್ಟುವುದು ಸಹಜ. ಖರ್ಚು ನಿಮ್ಮದಾದರೆ ಅದನ್ನು ಪತ್ರದಲ್ಲಿ ನೇರವಾಗಿ ಬರೆದು ನಿಮ್ಮ ಆದಾಯದ ದಾಖಲೆಯನ್ನೇ ಕೊಡುವುದು ಲೇಸು.

ಉತ್ತರ, ಮಂಗಳೂರಿನಿಂದ:
ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟಿನ ಅವಧಿ ಅಲ್ಲಿಂದ ಹೊರಟ ಮೇಲೂ 3 ತಿಂಗಳು ಉಳಿದಿರಬೇಕು.