1974ರ ಅಂಬಾಸಡರ್: ಘಾಟಿಯಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಫ್ಯೂಸ್ ಸುಡುತ್ತಿದೆ

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮ್ಮ ತಂದೆಯವರು ಕೊಂಡಿದ್ದ 1974ರ ಮಾರ್ಕ್ 2 ಅಂಬಾಸಡರ್ ಇಂದಿಗೂ ಮನೆಯ ಬಳಕೆಯಲ್ಲಿದೆ. ಅದರಲ್ಲಿರುವುದು ಎರಡೇ ಗಾಜಿನ ಫ್ಯೂಸ್. ಕಳೆದ ಎರಡು ತಿಂಗಳಿಂದ ಅವುಗಳಲ್ಲೊಂದು ಪದೇ ಪದೇ ಸುಟ್ಟುಹೋಗುತ್ತಿದ್ದು, ಅದರೊಂದಿಗೆ ಬ್ರೇಕ್ ದೀಪ, ಇಂಡಿಕೇಟರ್, ವೈಪರ್ ಮತ್ತು ಪೆಟ್ರೋಲ್ ಮುಳ್ಳು ಒಟ್ಟಿಗೇ ನಿಂತುಬಿಡುತ್ತವೆ. ಅಂಗಳದಲ್ಲಿ ನಿಲ್ಲಿಸಿ ಎಷ್ಟು ಸಲ ಬ್ರೇಕ್ ಒತ್ತಿದರೂ ಏನೂ ಆಗುವುದಿಲ್ಲ. ಅಕ್ಕಿ, ತೆಂಗಿನಕಾಯಿ ಮೂಟೆಗಳನ್ನು ಹಾಕಿಕೊಂಡು ಉಡುಪಿಯ ಮಗಳ ಮನೆಗೆ ಹೊರಟಾಗ, ಆಗುಂಬೆ ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ. ಮೊನ್ನೆ ಜೋರು ಮಳೆಯ ನಡುವೆ ವೈಪರ್ ನಿಂತುಹೋಯಿತು. ಹಿಂದೆ ಬರುತ್ತಿದ್ದವರಿಗೆ ನಮ್ಮ ಬ್ರೇಕ್ ದೀಪವೂ ಕಾಣುತ್ತಿರಲಿಲ್ಲ. ಮೊಮ್ಮಕ್ಕಳು ಕಾರಿನಲ್ಲಿದ್ದರು, ಆ ಭಯ ಇನ್ನೂ ಹೋಗಿಲ್ಲ. ಒಬ್ಬ ಮೆಕ್ಯಾನಿಕ್ ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತಿ ಕೊಟ್ಟಿದ್ದಾರೆ. ಹಾಗೆಯೇ ಓಡಿಸಬಹುದೇ? ಮೂಲ ದೋಷವನ್ನು ಹುಡುಕುವ ಕ್ರಮ ಯಾವುದು?

ಉತ್ತರ (ಹುಬ್ಬಳ್ಳಿಯ ಆಟೊ ಎಲೆಕ್ಟ್ರಿಷಿಯನ್)

ಸರ್, ಆ ತಾಮ್ರದ ಎಳೆಯನ್ನು ಇಂದೇ ತೆಗೆಯಿರಿ. ಅದು ಕರಗದಿದ್ದರೆ ಶಾರ್ಟ್ ಆದಾಗ ಹೊತ್ತಿಕೊಳ್ಳುವುದು ಸೀಟಿನ ಕೆಳಗೆ ಹೋಗಿರುವ ವೈರಿಂಗ್. ಲ್ಯೂಕಾಸ್ (ವಾಹನಗಳ ವಿದ್ಯುತ್ ಭಾಗ ತಯಾರಿಸುತ್ತಿದ್ದ ಬ್ರಿಟಿಷ್ ಕಂಪನಿ) ಮಾದರಿಯ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಕರಗುವ ಪ್ರಮಾಣ; ನಿರಂತರವಾಗಿ ಅದು ತಾಳುವುದು 17 ಆಂಪಿಯರ್ ಮಾತ್ರ. ಆದ್ದರಿಂದ ನಿರಂತರ 35 ಆಂಪಿಯರ್ ತಾಳುವ ಇಂದಿನ ಫ್ಯೂಸನ್ನೂ ಅಲ್ಲಿ ಹಾಕಬೇಡಿ.

ಹುಡುಕಲು ಫ್ಯೂಸುಗಳನ್ನು ಸುಡುತ್ತಾ ಕೂರಬೇಕಾಗಿಲ್ಲ. 12 ವೋಲ್ಟ್ 21 ವ್ಯಾಟಿನ ಒಂದು ಬಲ್ಬಿಗೆ ಎರಡು ವೈರ್ ಬೆಸೆದು, ಫ್ಯೂಸ್ ತೆಗೆದ ಜಾಗದ ಎರಡು ಕ್ಲಿಪ್ಪುಗಳಿಗೆ ಸಿಕ್ಕಿಸಿ. ಆಗ ಎಂಥ ಶಾರ್ಟ್ ಇದ್ದರೂ ಆ ದಾರಿಯಲ್ಲಿ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬ್ ಪೂರ್ಣ ಪ್ರಕಾಶದಿಂದ ಉರಿದು ನಿಮಗೆ ಸುಳಿವು ಕೊಡುತ್ತದೆ. ಈ ಫ್ಯೂಸಿಗೆ ಕರೆಂಟ್ ಬರುವುದು ಇಗ್ನಿಷನ್ ಹಾಕಿದಾಗ ಮಾತ್ರ. ಇಂಜಿನ್ ನಿಂತಿರುವಾಗ ಪಾಯಿಂಟ್ (ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಸ್ವಿಚ್) ಮುಚ್ಚಿಕೊಂಡಿದ್ದರೆ ಕಾಯಿಲ್ (ಇಂಜಿನ್ನಿನ ಕಿಡಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಕಾದು ಹಾಳಾಗುತ್ತದೆ. ಹಾಗಾಗಿ ಮೊದಲು ಕಾಯಿಲಿನ ಬಿಳಿ ವೈರನ್ನು ಕಳಚಿ ಅದರ ತುದಿಗೆ ಟೇಪ್ ಸುತ್ತಿ. ಇದನ್ನು ಮರೆತು ಕಾಯಿಲ್ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಬ್ರೇಕ್ ಒತ್ತಿದಾಗ ಮಾತ್ರ ಫ್ಯೂಸ್ ಹೋಗುವುದಾದರೆ ಅರ್ಧ ಕೆಲಸ ಮುಗಿದಂತೆಯೇ. ಫ್ಯೂಸಿನಿಂದ ಬ್ರೇಕ್ ಸ್ವಿಚ್ಚಿನವರೆಗೆ ಹೋಗುವ ವೈರ್ ಹಸಿರು; ಸ್ವಿಚ್ಚಿನಿಂದ ಹಿಂದಿನ ದೀಪಗಳಿಗೆ ಹೋಗುವುದು ಹಸಿರಿನ ಮೇಲೆ ನೇರಳೆ ಗೆರೆಯುಳ್ಳದ್ದು. ವೈರಿಂಗ್ ಮೂಲದ್ದೇ ಆಗಿದ್ದರೆ, ಧೂಳು ಒರೆಸಿದಾಗ ಈ ಬಣ್ಣಗಳು ಕಾಣಬೇಕು. ದೋಷ ಹಸಿರು ವೈರಿನಲ್ಲಿದ್ದರೆ ಬ್ರೇಕ್ ಒತ್ತದೆಯೂ ಫ್ಯೂಸ್ ಹೋಗಬೇಕಿತ್ತು. ಹೀಗಾಗಿ ಸ್ವಿಚ್ಚಿನ ಆಚೆಗೆ, ನೇರಳೆ ಗೆರೆಯ ವೈರ್ ಹಿಡಿದು ಹಿಂದಕ್ಕೆ ಹೋಗಿ.

ಉತ್ತರ (ಮೈಸೂರಿನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಪರೀಕ್ಷೆಗೆ ಮುನ್ನ ಹಿಂದಿನ ಎರಡೂ ಬ್ರೇಕ್ ಬಲ್ಬುಗಳನ್ನು ಹೊರತೆಗೆಯಿರಿ. ಅವು ಅಲ್ಲಿಯೇ ಇದ್ದರೆ ಬ್ರೇಕ್ ಒತ್ತಿದಾಗ ಅವುಗಳ ಮೂಲಕ ಹರಿಯುವ ಕರೆಂಟಿಗೇ ಪರೀಕ್ಷಾ ಬಲ್ಬ್ ಸಾಕಷ್ಟು ಬೆಳಗುತ್ತದೆ, ನೀವು ಅದನ್ನೇ ಶಾರ್ಟ್ ಎಂದು ತಿಳಿಯುತ್ತೀರಿ. ಮಲ್ಟಿಮೀಟರ್ ಬಳಸುವವರು ಇದರಲ್ಲಿ ಇನ್ನೂ ಹೆಚ್ಚು ಮೋಸಹೋಗುತ್ತಾರೆ: 21 ವ್ಯಾಟಿನ ಬಲ್ಬ್ ಉರಿಯುವಾಗ ಅದರ ರೋಧ ಸುಮಾರು 7 ಓಮ್ ಇದ್ದರೂ, ತಣ್ಣಗಿರುವಾಗ ಒಂದು ಓಮಿಗಿಂತ ಕಡಿಮೆ ತೋರಿಸುತ್ತದೆ. ನಾನು ಇದೇ ತಪ್ಪು ಮಾಡಿ ಸರಿಯಾಗಿದ್ದ ವೈರನ್ನು ಇಡೀ ಒಂದು ಭಾನುವಾರ ಬಿಚ್ಚಿದ್ದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಘಾಟಿಯಲ್ಲ, ಮೂಟೆ. ಡಿಕ್ಕಿ ಖಾಲಿ ಇದ್ದಾಗ ಎಂದಾದರೂ ಫ್ಯೂಸ್ ಹೋಗಿದೆಯೇ? ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹೇರು ಮುಂದಕ್ಕೆ ಜಾರುತ್ತದೆ, ಅದು ಡಿಕ್ಕಿಯ ವೈರನ್ನು ತಗಡಿಗೆ ಒತ್ತುತ್ತಿರಬಹುದು. ಪರೀಕ್ಷಾ ಬಲ್ಬ್ ಸಿಕ್ಕಿಸಿ, ಒಬ್ಬರನ್ನು ಬ್ರೇಕ್ ಒತ್ತಿಕೊಂಡಿರಲು ಹೇಳಿ, ಡಿಕ್ಕಿಯೊಳಗಿನ ವೈರನ್ನು ಒಂದೊಂದು ಗೇಣಿನಂತೆ ಕೈಯಿಂದ ಒತ್ತುತ್ತಾ, ಅಲುಗಿಸುತ್ತಾ ಹೋಗಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ದೋಷ ಸಿಕ್ಕಿತು. ಯೋಚಿಸಿ ನೋಡಿದರೆ, ಡಿಕ್ಕಿ ಖಾಲಿ ಇದ್ದಾಗ ಫ್ಯೂಸ್ ಹೋದದ್ದು ಒಮ್ಮೆಯೂ ನೆನಪಿಲ್ಲ. ಮಗ ಬ್ರೇಕ್ ಒತ್ತಿ ಕುಳಿತ. ಮೊದಲು ಬಲ್ಬ್ ಉರಿಯಲಿಲ್ಲ. ಡಿಕ್ಕಿಯ ಎಡಬದಿಯಲ್ಲಿ, ಹಿಂದಿನ ಸೀಟಿನ ಕಡೆಯ ತಗಡಿನ ರಂಧ್ರದಿಂದ ವೈರ್ ಒಳಬರುವ ಜಾಗದಲ್ಲಿ ಕೈಯಿಟ್ಟು ಒತ್ತಿದ್ದೇ ತಡ, ಬಲ್ಬ್ ಝಗ್ಗನೆ ಹೊತ್ತಿತು. ಆ ರಂಧ್ರದ ರಬ್ಬರ್ ಬುಶ್ ಒಣಗಿ ಎಂದೋ ಉದುರಿಹೋಗಿತ್ತು. ತಗಡಿನ ಅಂಚಿಗೆ ಉಜ್ಜಿ ನೇರಳೆ ಗೆರೆಯ ವೈರಿನ ಹೊದಿಕೆ ಅಕ್ಕಿಕಾಳಿನಷ್ಟು ಉದ್ದ ಸವೆದು, ತಾಮ್ರ ಹೊರಗೆ ಕಾಣುತ್ತಿತ್ತು. ಪಕ್ಕದ ತಗಡಿನ ಮೇಲೆ ಕಪ್ಪು ಸುಟ್ಟ ಗುರುತು. ಅದರ ಜೊತೆಗಿರುವ ಕೆಂಪು ವೈರಿನ ಹೊದಿಕೆಯೂ ತುಸು ಸವೆದಿದೆ. ಸದ್ಯಕ್ಕೆ ಟೇಪ್ ಸುತ್ತಿ ನಿಲ್ಲಿಸಿದ್ದೇನೆ. ಅಷ್ಟು ಸಾಕೇ?

ಉತ್ತರ (ಹುಬ್ಬಳ್ಳಿಯ ಆಟೊ ಎಲೆಕ್ಟ್ರಿಷಿಯನ್)

ಟೇಪ್ ಸಾಲದು ಸರ್, ಡಿಕ್ಕಿಯ ಬಿಸಿಗೆ ಅದರ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ಕೆಲಸಕ್ಕೆ ಮುನ್ನ ಬ್ಯಾಟರಿಯ ಅರ್ಥ್ ಕೇಬಲ್ ಕಳಚಿ. ಸವೆದ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ತುಂಡು ವೈರ್ ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ. ರಂಧ್ರಕ್ಕೆ ಹೊಸ ರಬ್ಬರ್ ಬುಶ್ ಕೂರಿಸಿ. ಜೋಡಿಸಿದ ಭಾಗ ಆ ರಂಧ್ರದೊಳಗೆ ಬರದಂತೆ ನೋಡಿಕೊಳ್ಳಿ.

ಆ ಕೆಂಪು ವೈರನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಸೈಡ್ ಲೈಟಿನದು. ಆ ಕಾಲದ ಲ್ಯೂಕಾಸ್ ಮಾದರಿಯ ವೈರಿಂಗ್ ಇದ್ದ ಹಲವು ಕಾರುಗಳಲ್ಲಿ ಸೈಡ್ ಲೈಟಿಗೂ ಹೆಡ್‌ಲೈಟಿಗೂ ಫ್ಯೂಸೇ ಇರಲಿಲ್ಲ. ಅದು ತಗಡಿಗೆ ತಾಗಿದ್ದರೆ ಸುಡಲು ಫ್ಯೂಸ್ ಇಲ್ಲದೆ ವೈರೇ ಸುಡುತ್ತಿತ್ತು. ದುರಸ್ತಿ ಮಾಡುವಾಗಲೇ ಹಿಂದಕ್ಕೆ ಹೋಗುವ ಕೆಂಪು ವೈರಿನ ಆರಂಭದಲ್ಲಿ 5 ಆಂಪಿಯರಿನ ಒಂದು ಫ್ಯೂಸ್ ಹೋಲ್ಡರ್ ಸೇರಿಸಿಬಿಡಿ.