ಪ್ರಶ್ನೋತ್ತರ: ಕ್ಲೌಡ್ ಸರ್ವರ್‌ನ ಪಬ್ಲಿಕ್ ಐಪಿ, ಪ್ರೈವೇಟ್ ಐಪಿ (ಒಂದು ಗ್ರೂಪ್‌ನ ಮಾತುಕತೆ, ಕೇಳಿದವರ ಹೆಸರಿನ ಬದಲು ಊರು ಹಾಕಿದೆ)

ತಿಪಟೂರು: ಸರ್, ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಸರ್ವರ್ ಒಳಗೆ ಹೋಗಿ ನೋಡಿದ್ರೆ 172.31ರಿಂದ ಶುರುವಾಗೋ ಐಪಿ ಒಂದೇ ಕಾಣುತ್ತೆ, ಪಬ್ಲಿಕ್ ಐಪಿ ಎಲ್ಹೋಯ್ತು?

ಇಂಜಿನಿಯರ್: ಎಲ್ಲೂ ಹೋಗಿಲ್ಲ. ಸರ್ವರ್‌ಗೆ ಗೊತ್ತಿರೋದು ಪ್ರೈವೇಟ್ ಐಪಿ, ಅಂದ್ರೆ ಒಳಗಿನ ನೆಟ್‌ವರ್ಕ್‌ನ ವಿಳಾಸ ಮಾತ್ರ. ಹೊರಗಿನವರಿಗೆ ಕಾಣೋ ವಿಳಾಸ ಪಬ್ಲಿಕ್ ಐಪಿ, ಅದಕ್ಕೆ ಬಂದಿದ್ದನ್ನ ಇಂಟರ್ನೆಟ್ ಗೇಟ್‌ವೇ (ನೆಟ್‌ವರ್ಕ್‌ನ ಬಾಗಿಲು) ಪ್ರೈವೇಟ್ ಐಪಿಗೆ ತಿರುಗಿಸುತ್ತೆ.

ಗುಬ್ಬಿ: ರಾತ್ರಿ ಸ್ಟಾಪ್ ಮಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಪಬ್ಲಿಕ್ ಐಪಿ ಚೇಂಜ್ ಆಗ್ಬಿಡುತ್ತೆ.

ಇಂಜಿನಿಯರ್: ಆಗುತ್ತೆ. ರೀಬೂಟ್ ಮಾಡಿದ್ರೆ ಆಗಲ್ಲ. ಎಲಾಸ್ಟಿಕ್ ಐಪಿ ತಗೊಳ್ಳಿ, ಅದು ಸ್ಟಾಪ್ ಮಾಡಿದ್ರೂ ಬದಲಾಗದ ಪಬ್ಲಿಕ್ ಐಪಿ.

ಕೋಲಾರ: ಟೊಮೆಟೊ ಮಂಡಿಯವರಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿದೀನಿ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಬೇರೆ ಸರ್ವರ್‌ನಲ್ಲಿದೆ, ಅದಕ್ಕೂ ಪಬ್ಲಿಕ್ ಐಪಿ ಇದೆ, ಆಫೀಸಿಂದ ಕನೆಕ್ಟ್ ಆಗ್ತಿರ್ಲಿಲ್ಲ ಅಂತ, ಯಾರೋ ಫಾರ್ವರ್ಡ್ ಮಾಡಿದ ಮೆಸೇಜ್ ನೋಡಿ ಫೈರ್‌ವಾಲ್ ರೂಲ್‌ನಲ್ಲಿ 0.0.0.0/0 ಹಾಕ್ದೆ, ಕನೆಕ್ಟ್ ಆಯ್ತು. ಈಗ ಲಾಗ್‌ನಲ್ಲಿ ರೂಟ್ (ಮುಖ್ಯ ಯೂಸರ್) ಹೆಸರಲ್ಲಿ 'ಆಕ್ಸೆಸ್ ಡಿನೈಡ್' ಸಾಲುಸಾಲಾಗಿ ಬರ್ತಿದೆ, ನಾರ್ಮಲ್ಲಾ?

ಇಂಜಿನಿಯರ್: ಮೊದಲು ಆ ರೂಲ್ ತೆಗೀರಿ, ಆಮೇಲೆ ಓದಿ. 0.0.0.0/0 ಅಂದ್ರೆ ಇಡೀ ಪ್ರಪಂಚ. ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ ಬಾಟ್‌ಗಳು (ತಾನಾಗೇ ಓಡೋ ಪ್ರೋಗ್ರಾಂಗಳು) ಹಗಲೂ ರಾತ್ರಿ ಹುಡುಕ್ತಾನೇ ಇರ್ತವೆ, ಸಿಕ್ಕಿದ ಕಡೆ ಪಾಸ್‌ವರ್ಡ್ ಹಾಕಿ ಹಾಕಿ ನೋಡ್ತವೆ, ನಿಮ್ಮ ಲಾಗ್‌ನಲ್ಲಿರೋದು ಅದೇ. ರೈತರಿಗೆ ಎಷ್ಟು ಕೊಡಬೇಕು ಅನ್ನೋ ಲೆಕ್ಕ ಇರೋ ಡೇಟಾಬೇಸ್‌ಗೆ ಪಬ್ಲಿಕ್ ಐಪಿನೇ ಬೇಡ. ಪ್ರೈವೇಟ್ ಸಬ್‌ನೆಟ್‌ಗೆ (ಹೊರಗಿಂದ ನೇರ ದಾರಿ ಇಲ್ಲದ ಭಾಗಕ್ಕೆ) ಹಾಕಿ, 3306ಕ್ಕೆ ಆ್ಯಪ್ ಸರ್ವರ್‌ನ ಸೆಕ್ಯುರಿಟಿ ಗ್ರೂಪ್‌ನಷ್ಟೇ (ಎಡಬ್ಲ್ಯೂಎಸ್‌ನ ಫೈರ್‌ವಾಲ್ ಗುಂಪು) ಬಿಡಿ. ಆಫೀಸಿಂದ ನೋಡ್ಬೇಕಾ, ಆ್ಯಪ್ ಸರ್ವರ್ ಮೂಲಕ ಎಸ್‌ಎಸ್‌ಎಚ್ ಟನಲ್ (ಸುರಕ್ಷಿತ ಒಳದಾರಿ) ಮಾಡಿ. ದಯವಿಟ್ಟು ಫಾರ್ವರ್ಡ್ ನೋಡಿ ಫೈರ್‌ವಾಲ್ ಎಲ್ಲರಿಗೂ ತೆರೀಬೇಡಿ.

ಚಿಂತಾಮಣಿ: ಪಾಸ್‌ವರ್ಡ್ ಸ್ಟ್ರಾಂಗ್ ಇದ್ರೆ ಸಾಕು, ಸುಮ್ನೆ ಹೆದರಿಸ್ಬೇಡಿ. ನಂದು ಹಂಗೇ ಇದೆ, ಏನೂ ಆಗಿಲ್ಲ.

ಶಿರಾ: ಆಗಿದ್ರೆ ನಿಮಗೆ ಹೆಂಗೆ ಗೊತ್ತಾಗುತ್ತೆ? ಲಾಗ್ ನೋಡಿದೀರಾ?

ಚಿಂತಾಮಣಿ: ನಿಮ್ಮನ್ನ ಕೇಳಿಲ್ಲ.

ಪಾವಗಡ: ಸರ್, ಐಪಿವಿ6 (ಹೊಸ ತರಹದ ಐಪಿ) ಹಾಕಿದ್ರೆ ದುಡ್ಡು ಉಳಿಯುತ್ತಾ?

ಶಿರಾ: ಗ್ರೂಪಲ್ಲಿ ತಪ್ಪು ಸಲಹೆ ಕೊಟ್ರೆ ಯಾರಾದ್ರೂ ಹೇಳ್ಬೇಕಲ್ವಾ? ಮಂಡಿ ಲೆಕ್ಕ ಹೋದ್ರೆ ನೀವು ಕಟ್ಟಿಕೊಡ್ತೀರಾ?

ಚಿಂತಾಮಣಿ: ಎರಡು ವಿಡಿಯೋ ನೋಡ್ಕೊಂಡು ಬಂದು ಪಾಠ ಹೇಳ್ಬೇಡಿ ಸ್ವಾಮಿ.

ಮಧುಗಿರಿ: ಸ್ಟಾಪ್ ಮಾಡಿದ್ಮೇಲೆ ಐಪಿ ಬದಲಾಯ್ತು, ಏನ್ಮಾಡ್ಲಿ?

ಇಂಜಿನಿಯರ್: ಮೇಲಿದೆ, ಓದಿ.

ಮಧುಗಿರಿ: ಎಲಾಸ್ಟಿಕ್ ಐಪಿ ಫ್ರೀ ಅಂತ ಒಂದು ಮೆಸೇಜ್ ಬಂದಿತ್ತು.

ಇಂಜಿನಿಯರ್: ಹಳೇ ಮೆಸೇಜು. 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4ಗೂ (ಮಾಮೂಲಿ ಐಪಿ) ಗಂಟೆಗೆ 0.005 ಡಾಲರ್, ಬಳಸಿದ್ರೂ ಬಳಸದಿದ್ರೂ.

ಕೋಲಾರ: ಸರ್, ರೂಲ್ ತೆಗೆದು ನೀವು ಹೇಳಿದಂಗೆ ಸೆಕ್ಯುರಿಟಿ ಗ್ರೂಪ್ ಹಾಕ್ದೆ, ಈಗ ಆ್ಯಪ್ಪೇ ಕನೆಕ್ಟ್ ಆಗ್ತಿಲ್ಲ! ಮಂಡಿಯಿಂದ ಫೋನ್ ಮೇಲೆ ಫೋನ್.

ಇಂಜಿನಿಯರ್: ಆ್ಯಪ್ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲ್) ಡೇಟಾಬೇಸ್‌ನ ಪಬ್ಲಿಕ್ ಐಪಿ ಕೊಟ್ಟಿರ್ತೀರಿ. ಹಂಗಿದ್ರೆ ಟ್ರಾಫಿಕ್ ಆಚೆ ಸುತ್ತಿ ಬರುತ್ತೆ, ಆ ಗ್ರೂಪ್ ರೂಲ್ ಅದಕ್ಕೆ ಅನ್ವಯ ಆಗಲ್ಲ. ಪ್ರೈವೇಟ್ ಐಪಿ ಹಾಕಿ.

ಕೋಲಾರ: ಬಂತು ಸರ್! ಲಾಗ್‌ನಲ್ಲಿ ಆ ಸಾಲುಗಳೂ ನಿಂತಿವೆ.

ಚಿಂತಾಮಣಿ: ಅದೇ, ಪಾಸ್‌ವರ್ಡ್ ಸರಿ ಇತ್ತು ಅಂತಾಯ್ತಲ್ಲ.

ಇಂಜಿನಿಯರ್: ಇಲ್ಲ, ಆ ರೂಲ್ ತೆಗೆದಿದ್ದಕ್ಕೆ ನಿಂತಿದ್ದು. ಕೋಲಾರದವರೇ, ಈಗಲೇ ಪಾಸ್‌ವರ್ಡ್ ಬದಲಾಯಿಸಿ, ಯೂಸರ್ ಪಟ್ಟೀಲಿ ನೀವು ಮಾಡದೇ ಇರೋ ಹೆಸರು ಇದೆಯಾ ನೋಡಿ ಇಲ್ಲೇ ಹಾಕಿ. ಮಿಕ್ಕವರು ಸ್ವಲ್ಪ ಸುಮ್ನಿರಿ.